ಹೊಲದ ಕಲ್ಲು, ಕೋಣೆಯ ಪರದೆ

ಕೋಲಾರ ಜಿಲ್ಲೆಯ ವೇಮಗಲ್ ಹೆಸರು ಈಗ ಪತ್ರಿಕೆಗಳಲ್ಲಿ ಕಾಣುವುದು ಹೆಚ್ಚಾಗಿ ಕಾರ್ಖಾನೆಗಳ ಸುದ್ದಿಯಲ್ಲಿ. ಏರ್‌ಬಸ್‌ನ ಎಚ್125 ಹೆಲಿಕಾಪ್ಟರುಗಳನ್ನು ಜೋಡಿಸಲು ಟಾಟಾ ಕಂಪನಿ ಆರಿಸಿಕೊಂಡದ್ದು ಇದೇ ಹೋಬಳಿಯನ್ನು. ಅಷ್ಟೇನೂ ದೂರವಿಲ್ಲದ ನರಸಾಪುರದಲ್ಲಿ ಐಫೋನುಗಳು ತಯಾರಾಗುತ್ತವೆ. ರಾಗಿ ಹೊಲಗಳಿದ್ದ ಕಡೆ ಶೆಡ್ಡುಗಳೆದ್ದು, ಬೆಳಗಾದರೆ ಕಂಪನಿ ಬಸ್ಸುಗಳ ಸಾಲು. ಈ ಬಸ್ಸುಗಳು ಓಡಾಡುವ ಸೀಮೆಯಲ್ಲೇ ಸೀತಿ ಬೆಟ್ಟದ ಭೈರವೇಶ್ವರನಿದ್ದಾನೆ. ಕೆರೆ ಏರಿಯ ಮೇಲೆ, ಹುಣಸೆ ತೋಪಿನ ಅಂಚಿನಲ್ಲಿ, ಗುಡಿಯ ಗೋಡೆಗೆ ಒರಗಿಕೊಂಡು ವೀರಗಲ್ಲುಗಳೂ ಶಾಸನಗಳೂ ನಿಂತಿವೆ. ಇವನ್ನೆಲ್ಲ ಊರಿನವರಿಗೆ ಓದಿ ಹೇಳುವ ಒಂದು ಕೋಣೆ ವೇಮಗಲ್‌ನಲ್ಲಿಲ್ಲ. ಅಂಥದೊಂದು ಕೋಣೆ ಮಾಡೋಣವೆಂದು ಇವತ್ತು ಯಾರಾದರೂ ಹೊರಟರೆ ಮೊದಲು ಬರುವ ಮಾತು ಟಚ್‌ಸ್ಕ್ರೀನ್, ವಿಆರ್ ಕನ್ನಡಕ, ಹೊಲೊಗ್ರಾಂ. ದುಡ್ಡಿನ ಮಾತೂ ಅದರ ಹಿಂದೆಯೇ ಬರುತ್ತದೆ. ಕಲ್ಲಿನ ಮಾತು ಬರುವುದು ಕೊನೆಗೆ.

ಈ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಇತಿಹಾಸ ಸಂಗ್ರಹಾಲಯದಲ್ಲಿ ಡಿಜಿಟಲ್ ಸಾಧನಕ್ಕೆ ಮೊದಲ ಕೆಲಸ ಬೆರಗು ಹುಟ್ಟಿಸುವುದಲ್ಲ, ಬರಿಗಣ್ಣಿಗೆ ಸಿಗದಿದ್ದನ್ನು ಓದಿಸುವುದು. ಎರಡನೆಯ ಕೆಲಸ, ನೋಡಲು ಬಂದವನ ಮಾತನ್ನೂ ಕೇಳಿಸಿಕೊಳ್ಳುವುದು. ಈ ಎರಡೂ ಆಗದ ಕಡೆ ಪರದೆಗಿಂತ ನೆಟ್ಟಗೆ ಬರೆದ ಒಂದು ಫಲಕ ವಾಸಿ. ಕರ್ನಾಟಕದಲ್ಲಿ ಈವರೆಗೆ ನಡೆದ ಪ್ರಯೋಗಗಳನ್ನು ಇದೇ ಅಳತೆಗೋಲಿನಲ್ಲಿ ನೋಡಿದರೆ ಕೆಲವು ವಿಷಯ ನಿಚ್ಚಳವಾಗುತ್ತವೆ.

ಮುಟ್ಟಿ ನೋಡುವ ಸಂಗ್ರಹಾಲಯ ನಮಗೆ ಹೊಸತಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ 1960ರ ದಶಕದಿಂದಲೂ ಮಕ್ಕಳ ಕೈಗೆ ಗುಂಡಿ ಕೊಟ್ಟಿದೆ. ಒತ್ತಿದರೆ ಚಕ್ರ ತಿರುಗುತ್ತದೆ, ದೀಪ ಹತ್ತುತ್ತದೆ. ಕೋಲಾರ ಜಿಲ್ಲೆಯ ಎಷ್ಟೋ ಶಾಲೆಗಳ ಪ್ರವಾಸದಲ್ಲಿ ಅದಕ್ಕೊಂದು ನಿಲುಗಡೆ ಇದ್ದೇ ಇರುತ್ತದೆ. ಅದೇ ರಸ್ತೆಯಲ್ಲಿ, ಕೂಗಳತೆಯಲ್ಲಿ, 1865ರಲ್ಲಿ ಶುರುವಾದ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಅಲ್ಲಿರುವ ಆತಕೂರು ಶಾಸನದಲ್ಲಿ ಒಂದು ನಾಯಿಯ ಕಥೆಯಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ ಮಣಲೆರ ಎಂಬ ವೀರನ ಬಳಿಯಿದ್ದ ಕಾಳಿ ಎಂಬ ನಾಯಿ ಅದು. ಹಂದಿಯೊಂದನ್ನು ಎದುರಿಸಿ, ಅದನ್ನೂ ಕೊಂದು ತಾನೂ ಸತ್ತಿತು. ಕ್ರಿ.ಶ. 949–50ರ ಆ ಕಲ್ಲಿನ ಮೇಲೆ ನಾಯಿ–ಹಂದಿಗಳ ಕಾಳಗ ಕೆತ್ತಿದೆ, ಸುತ್ತಲೂ ಚೋಳರ ಮೇಲಿನ ಯುದ್ಧದ ಸುದ್ದಿಯಿದೆ. ಪಕ್ಕದ ಕಟ್ಟಡದಲ್ಲಿ ಗುಂಡಿ ಒತ್ತಿ ಕುಣಿದ ಮಗು ಈ ಕಲ್ಲಿನ ಮುಂದೆ ಎರಡು ಕ್ಷಣವೂ ನಿಲ್ಲುವುದಿಲ್ಲ. ನಿಲ್ಲಿಸಲು ಹೊಲೊಗ್ರಾಂ ಬೇಕಿಲ್ಲ. ಮುಟ್ಟಿದ ಸಾಲು ಬೆಳಗಿ, ಅದೇ ಸಾಲನ್ನು ಇವತ್ತಿನ ಕನ್ನಡದಲ್ಲಿ ಓದಿ ಹೇಳುವ ಒಂದು ಸಣ್ಣ ಪರದೆ ಸಾಕು. ವಿಜ್ಞಾನಕ್ಕೆ ಗುಂಡಿ ಕೊಟ್ಟವರು ಇತಿಹಾಸಕ್ಕೆ ಗಾಜಿನ ಬೀರು ಕೊಟ್ಟರು. ಈ ತಾರತಮ್ಯವನ್ನು ಅರವತ್ತು ವರ್ಷದಿಂದ ಯಾರೂ ಗಂಭೀರವಾಗಿ ಪ್ರಶ್ನಿಸಿದಂತಿಲ್ಲ.

ಇತಿಹಾಸದ ಕಡೆಯಿಂದ ದೊಡ್ಡ ಪ್ರಯತ್ನ ನಡೆದದ್ದು ಹಂಪಿಯ ಹೆಸರಿನಲ್ಲಿ. ಸಾರಾ ಕೆಂಡರ್ಡೈನ್ ಮತ್ತು ಜೆಫ್ರಿ ಶಾ ರೂಪಿಸಿದ 'ಪ್ಲೇಸ್–ಹಂಪಿ' 2006ರಲ್ಲಿ ಫ್ರಾನ್ಸಿನ ಲಿಲ್ ನಗರದಲ್ಲಿ ಮೊದಲು ಪ್ರದರ್ಶನಗೊಂಡಿತು. ಸುತ್ತ ವೃತ್ತಾಕಾರದ ದೊಡ್ಡ ಪರದೆ, ನಡುವೆ ತಿರುಗುವ ವೇದಿಕೆ. ವೇದಿಕೆ ಏರಿದವನು ತಾನೇ ತಿರುಗಿಸಿಕೊಂಡು ಹಂಪಿಯ ಒಂದೊಂದು ತಾಣದೊಳಕ್ಕೆ ಮೂರು ಆಯಾಮದಲ್ಲಿ ಹೊಗಬಹುದು. ಬಂಡೆಗಳ ನಡುವೆ ಪುರಾಣದ ಪಾತ್ರಗಳು ಸುಳಿಯುತ್ತವೆ. ಪರದೇಶಗಳಲ್ಲಿ ಸುತ್ತಾಡಿದ ಮೇಲೆ 2012ರಲ್ಲಿ ಅದು ಬಳ್ಳಾರಿ ಸೀಮೆಯ ತೋರಣಗಲ್ಲಿನ ಜೆಎಸ್‌ಡಬ್ಲ್ಯು ಟೌನ್‌ಶಿಪ್ಪಿನ 'ಕಲಾಧಾಮ'ದಲ್ಲಿ ನೆಲೆ ನಿಂತಿತು. ಹಂಪಿಯೇ ಕೈಗೆಟುಕುವಷ್ಟು ಹತ್ತಿರವಿರುವಾಗ ಹಂಪಿಯ ಚಿತ್ರವನ್ನು ನೋಡಲು ಹೋಗುವುದೇಕೆ ಎಂದು ಕೇಳುವವರುಂಟು. ಕೇಳಬೇಕಾದ ಪ್ರಶ್ನೆಯೇ. ಆದರೂ ಆ ಕೃತಿಯಲ್ಲಿ ಕಲಿಯಲು ಒಂದು ಮುಖ್ಯ ಅಂಶವಿದೆ: ಅಲ್ಲಿ ತಿರುಗಿಸುವ ಅಧಿಕಾರ ನೋಡುಗನದು, ಆದರೆ ಒಬ್ಬ ತಿರುಗಿಸಿದ್ದನ್ನು ಸುತ್ತಲಿನ ಹತ್ತು ಜನ ಒಟ್ಟಿಗೆ ನೋಡುತ್ತಾರೆ. ಮನೆಮಂದಿ, ನೆಂಟರು, ಇಡೀ ತರಗತಿ ಎಂದು ಗುಂಪಾಗಿಯೇ ನೋಡಲು ಹೋಗುವವರು ನಾವು. ಒಬ್ಬನ ಕಣ್ಣಿಗೆ ಕಟ್ಟುವ ವಿಆರ್ ಸಾಧನಕ್ಕಿಂತ ಹತ್ತು ಜನ ಮಾತಾಡಿಕೊಂಡು ನೋಡುವ ಪರದೆ ನಮ್ಮ ರೀತಿಗೆ ಒಗ್ಗುತ್ತದೆ.

ಲೆಕ್ಕವನ್ನೂ ಹಾಕಿ ನೋಡಬಹುದು. ಒಂದು ವಿಆರ್ ಕನ್ನಡಕ, ಒಬ್ಬರಿಗೆ ನಾಲ್ಕು ನಿಮಿಷ. ತೊಡಿಸಿ, ಒರೆಸಿ, ಇನ್ನೊಬ್ಬರಿಗೆ ಕೊಡುವ ಹೊತ್ತನ್ನು ಬಿಟ್ಟರೂ ಗಂಟೆಗೆ ಹದಿನೈದೇ ಜನ. ಅರವತ್ತು ಮಕ್ಕಳ ಒಂದು ಬಸ್ಸು ಬಂದರೆ ಕೊನೆಯ ಮಗು ನಾಲ್ಕು ಗಂಟೆ ಕಾಯಬೇಕು. ಟೆಂಡರಿನಲ್ಲಿ 'ವಿಆರ್ ವಲಯ' ಎಂದು ಬರೆಯುವವರು ಈ ಗುಣಾಕಾರ ಮಾಡಿದ್ದು ಕಾಣೆ.

ಹಂಪಿಯ ಮೇಲೆಯೇ ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಇನ್ನೊಂದು ಯೋಜನೆ ನಡೆಸಿತು. ಐಐಟಿಗಳೂ ವಿನ್ಯಾಸ ಸಂಸ್ಥೆಗಳೂ ಸೇರಿ ವಿಠ್ಠಲ ದೇವಾಲಯ, ವಿರೂಪಾಕ್ಷನ ಮಂಟಪದ ಚಿತ್ರಗಳು ಮೊದಲಾದವನ್ನು ಡಿಜಿಟಲ್ ರೂಪಕ್ಕೆ ತಂದವು. ಸಂಶೋಧನೆಯಾಗಿ ಅದರ ತೂಕ ದೊಡ್ಡದು. ಆದರೆ ಹೊಸಪೇಟೆಯ ಸರ್ಕಾರಿ ಶಾಲೆಯ ಹುಡುಗನಿಗೆ ಅದು ಎಷ್ಟು ಮುಟ್ಟಿತು ಎಂಬುದು ಬೇರೆ ಪ್ರಶ್ನೆ. ಬೆಂಗಳೂರಿನಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಸಂಗ್ರಹಾಲಯ ಕಿವಿಯನ್ನು ನಂಬಿ ಕಟ್ಟಿದ್ದು. ಅದರ ಅಂಗಳದಲ್ಲಿ ಬಡಿದು, ತಟ್ಟಿ ನಾದ ಹೊರಡಿಸುವ ಸಾಧನಗಳಿವೆ. ಅವಕ್ಕೆ ಕರೆಂಟೂ ಬೇಡ. 2023ರಲ್ಲಿ ಬಾಗಿಲು ತೆರೆದ ಮ್ಯಾಪ್ ಸಂಗ್ರಹಾಲಯ, ಕಲಾವಿದ ಎಂ.ಎಫ್. ಹುಸೇನರ ಡಿಜಿಟಲ್ ರೂಪವನ್ನು ನಿಲ್ಲಿಸಿ ನೋಡುಗರ ಪ್ರಶ್ನೆಗೆ ಉತ್ತರ ಹೇಳಿಸಿತು. ಜನ ಖುಷಿಪಟ್ಟರು. ನನಗೆ ಹೆಚ್ಚು ಮುಖ್ಯವೆನಿಸಿದ್ದು, ದೃಷ್ಟಿ ಇಲ್ಲದವರು ಬೆರಳಿನಿಂದ ನೋಡಲೆಂದು ಅಲ್ಲಿ ಮಾಡಿಟ್ಟ ಸ್ಪರ್ಶ ಪ್ರತಿಕೃತಿಗಳು. ಸತ್ತವರ ಬಾಯಲ್ಲಿ ಮಾತಾಡಿಸುವುದು ಕಲಾವಿದನ ವಿಷಯದಲ್ಲಿ ಆಟವಾದೀತು. ಹೈದರಾಲಿಯ ಬಾಯಲ್ಲಿ ಮಾತಾಡಿಸಿದರೆ ಅದು ಆಟವಾಗಿ ಉಳಿಯುವುದಿಲ್ಲ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಅವನು ಹುಟ್ಟಿದ್ದು, ಅವನ ತಂದೆ ಫತೇ ಮಹಮದನ ಗೋರಿ ಕೋಲಾರದಲ್ಲಿದೆ, ಹೈದರಾಲಿ ಸತ್ತಾಗ ಅವನ ದೇಹವನ್ನು ಮೊದಲು ಇರಿಸಿದ್ದೂ ಅಲ್ಲೇ. ಇಷ್ಟನ್ನು ಒಂದು ನಕ್ಷೆ ಶಾಂತವಾಗಿ ಹೇಳಬಲ್ಲದು. ಎಐ ಗೊಂಬೆ ಬಾಯಿ ತೆರೆದ ಮಾರನೆಯ ದಿನ ಸಂಗ್ರಹಾಲಯದ ಮುಂದೆ ಪೊಲೀಸ್ ವ್ಯಾನು ನಿಲ್ಲುತ್ತದೆ.

ಕೋಲಾರಕ್ಕೆ ನಿಜವಾಗಿ ಹತ್ತಿರವಾದ ಕೆಲಸ ಬೆಂಗಳೂರಿನ ಮಿಥಿಕ್ ಸೊಸೈಟಿಯದು. 1909ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಪಿ.ಎಲ್. ಉದಯಕುಮಾರ್ ಅವರ ತಂಡ ಕಲ್ಲನ್ನು ಹುಡುಕಿ, ತೊಳೆದು, ಸ್ಕ್ಯಾನ್ ಮಾಡಿ, ಒಂದೊಂದು ಅಕ್ಷರವನ್ನೂ ಬಿಡಿಸಿ, ಎಲ್ಲರಿಗೂ ಸಿಗುವಂತೆ ಇಡುತ್ತಿದೆ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸದ ವೇಳೆ ಸಿಕ್ಕಿದ ಕಿತ್ತಯ್ಯನ ವೀರಗಲ್ಲು ಎಂಟನೆಯ ಶತಮಾನದ್ದು. ಅದರ ಸುತ್ತ ಬಡಾವಣೆಯವರೇ ಸೇರಿ ಉತ್ಸಾಹ ಬೆಳೆಸಿದರು, ಕಲ್ಲಿಗೆ ಮಂಟಪ ಬಂತು. ಇಲ್ಲಿ ಪರದೆಯ ಕೆಲಸ ಕಲ್ಲಿನ ಬದಲಿಗೆ ನಿಲ್ಲುವುದಲ್ಲ, ಜನರನ್ನು ಕಲ್ಲಿನ ಬಳಿಗೆ ಕಳಿಸುವುದು.

ವೇಮಗಲ್‌ನ ಕೋಣೆ ಶುರುವಾಗಬೇಕಾದ್ದು ಇಲ್ಲಿಂದ. ಬಿ.ಎಲ್. ರೈಸ್ 1905ರಲ್ಲಿ ಹೊರತಂದ 'ಎಪಿಗ್ರಾಫಿಯ ಕರ್ನಾಟಿಕ'ದ ಹತ್ತನೆಯ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದು. ಈಗಿನ ಚಿಕ್ಕಬಳ್ಳಾಪುರವೂ ಅದರಲ್ಲಿ ಸೇರಿದೆ. ಜಿಲ್ಲೆ ಒಡೆದದ್ದು 2007ರಲ್ಲಿ. ಊರು, ಕಲ್ಲು ನಿಂತ ಜಾಗ, ಪಾಠ, ಇಂಗ್ಲಿಷ್ ಅನುವಾದ ಎಲ್ಲವೂ ಅಲ್ಲಿದೆ. ಮೊದಲ ಕೆಲಸ, ಆ ಪಟ್ಟಿ ಹಿಡಿದು ಹೋಬಳಿಯ ಒಂದೊಂದು ಊರಿಗೂ ಹೋಗಿ ಯಾವ ಕಲ್ಲು ಉಳಿದಿದೆ, ಯಾವುದು ಚಪ್ಪಡಿಯಾಗಿದೆ, ಯಾವುದು ಲೇಔಟಿನ ಮಣ್ಣಿನಡಿ ಹೋಗಿದೆ ಎಂದು ನೋಡುವುದು. ಇದರಲ್ಲಿ ತಂತ್ರಜ್ಞಾನ ಕಡಿಮೆ, ನಡಿಗೆ ಜಾಸ್ತಿ.

ಎರಡನೆಯದು ಓದು. ಸವೆದ ಶಾಸನವನ್ನು ನಡುಮಧ್ಯಾಹ್ನ ನೋಡಿದರೆ ಬರಿ ಒರಟು ಬಂಡೆ. ಸಂಜೆಯ ಓರೆ ಬಿಸಿಲಿನಲ್ಲೋ, ಪಕ್ಕದಿಂದ ಹಿಡಿದ ಟಾರ್ಚಿನಲ್ಲೋ ಅಕ್ಷರಗಳು ಎದ್ದು ಬರುತ್ತವೆ. ಶಾಸನ ಓದುವವರಿಗೆಲ್ಲ ಗೊತ್ತಿರುವ ಈ ಗುಟ್ಟನ್ನೇ 2001ರಲ್ಲಿ ಎಚ್‌ಪಿ ಕಂಪನಿಯ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ಗಣಿತಕ್ಕಿಳಿಸಿದರು. ಕ್ಯಾಮೆರಾ ಅಲುಗದೆ ಬೆಳಕಿನ ದಿಕ್ಕು ಮಾತ್ರ ಬದಲಿಸಿ ಹತ್ತಾರು ಚಿತ್ರ ತೆಗೆದು ಸೇರಿಸಿದರೆ, ಆಮೇಲೆ ಪರದೆಯ ಮೇಲೆ ಬೆಳಕನ್ನು ಬೇಕಾದ ಕಡೆಯಿಂದ ಬೀಳಿಸಬಹುದು. ದುಬಾರಿ ಉಪಕರಣವೇನೂ ಬೇಡ. ಇದನ್ನು ಒಂದು ಮೇಜಿನ ಮೇಲಿಟ್ಟು, ಕೈಯಲ್ಲಿ ತಿರುಗಿಸುವ ಒಂದು ಹಿಡಿ ಕೊಟ್ಟರೆ, ಹತ್ತನೆಯ ತರಗತಿಯ ಹುಡುಗಿ ತಾನೇ ಬೆಳಕು ಆಡಿಸಿ 'ಸ್ವಸ್ತಿ ಶ್ರೀ' ಎಂಬ ಮೊದಲ ಅಕ್ಷರಗಳನ್ನು ಕಂಡುಹಿಡಿಯುತ್ತಾಳೆ. ಹಳಗನ್ನಡ ಲಿಪಿಯ ಒಂದೊಂದು ಅಕ್ಷರಕ್ಕೂ ಇವತ್ತಿನ ರೂಪ ಪಕ್ಕದಲ್ಲಿದ್ದರೆ ಎರಡನೆಯ ಸಾಲಿಗೆ ಅವಳಿಗೆ ಸಹಾಯವೇ ಬೇಕಾಗುವುದಿಲ್ಲ. ಉತ್ತರ ತೋರಿಸುವ ಪರದೆಗೂ ಉತ್ತರ ಹುಡುಕಲು ಬಿಡುವ ಪರದೆಗೂ ಇರುವ ಅಂತರ ಇಷ್ಟು ದೊಡ್ಡದು. ನಮ್ಮ ಟಚ್‌ಸ್ಕ್ರೀನುಗಳಲ್ಲಿ ಮುಕ್ಕಾಲು ಪಾಲು ಗೋಡೆಯ ಫಲಕವನ್ನೇ ಪುಟ ತಿರುಗಿಸುವಂತೆ ಮಾಡಿಟ್ಟವು.

ಲಿಪಿಯ ಮಾತು ಬಂದಾಗ ಕೋಲಾರದ ತೊಡಕು ತಾನಾಗಿ ಎದುರಾಗುತ್ತದೆ. ಗಂಗರ ಮೊದಲ ರಾಜಧಾನಿ ಕುವಳಾಲ ಇದೇ ಊರು. ಹನ್ನೊಂದನೆಯ ಶತಮಾನದಲ್ಲಿ ಚೋಳರು ಬಂದರು. ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನವಿದೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು ಶಾಸನಗಳೂ ಉಂಟು. ಇವತ್ತಿನ ಬಾಯಿಮಾತೂ ಹಾಗೆಯೇ: ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಚಿನ್ನದ ಗಣಿಯ ಕೆಜಿಎಫ್‌ನಲ್ಲಿ ತಮಿಳು, ಸಂತೆಯಲ್ಲಿ ಉರ್ದು. ಜತೆಗೆ ಈಗ ಕಾರ್ಖಾನೆಗಳಿಗೆ ಬಂದ ಒಡಿಶಾ, ಜಾರ್ಖಂಡಿನ ಹುಡುಗರ ಹಿಂದಿ. ಸಂಗ್ರಹಾಲಯದ ಭಾಷೆ ಕನ್ನಡವೇ ಆಗಿರಬೇಕು. ಆದರೆ ಗುಡಿಯ ಮೇಲಿನ ತಮಿಳು ಅಕ್ಷರವನ್ನು ಕಂಡು ಇದು ನಮ್ಮದಲ್ಲ ಎಂದು ಮಗು ಮುಖ ತಿರುಗಿಸದ ಹಾಗೆ, ಆ ಸಾಲನ್ನು ತಮಿಳಿನಲ್ಲೇ ಕೇಳಿಸಿ ಕನ್ನಡದಲ್ಲಿ ಹೇಳಬೇಕು. ಇದಕ್ಕೆ ಬರಹಕ್ಕಿಂತ ಧ್ವನಿ ಒಳ್ಳೆಯ ದಾರಿ. ಅದೂ ಬೆಂಗಳೂರಿನ ಸ್ಟುಡಿಯೊದ ಸುದ್ದಿವಾಚಕರ ದನಿ ಬೇಡ. ವೇಮಗಲ್, ಮಾಲೂರು ಕಡೆಯ, ತೆಲುಗಿನ ಏರಿಳಿತ ಸೇರಿಕೊಂಡ ಕನ್ನಡವೇ ಇರಲಿ. ಫೋನಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಟೀ ಅಂಗಡಿಗೆ ದುಡ್ಡು ಕೊಡುವುದನ್ನು ಊರೇ ಕಲಿತಿರುವಾಗ, ಧ್ವನಿ ಕೇಳಿಸಲು ಬೇರೆ ಸಾಧನ ಕೊಳ್ಳುವುದು ದಂಡ. ಕ್ಯೂಆರ್ ಚೀಟಿಯನ್ನು ಕಲ್ಲಿನ ಮೈಗೇ ಅಂಟಿಸಬಾರದು, ಅಷ್ಟು ಜ್ಞಾಪಕವಿರಲಿ.

ತೋರಿಸಬಾರದ್ದನ್ನು ತೋರಿಸದೆ ಇರುವುದೂ ವಿನ್ಯಾಸವೇ. ಕೋಲಾರಮ್ಮನ ಗುಡಿಯಲ್ಲಿ ಭಕ್ತರು ಉಗ್ರದೇವತೆಯನ್ನು ನೇರವಾಗಿ ನೋಡುವುದಿಲ್ಲ, ಎದುರಿಗಿಟ್ಟ ಕನ್ನಡಿಯಲ್ಲಿ ನೋಡುತ್ತಾರೆ. ನೋಡುವವರಿಗೂ ನೋಡಿಸಿಕೊಳ್ಳುವವರಿಗೂ ನಡುವೆ ಏನಿರಬೇಕು ಎಂದು ಆ ಗುಡಿ ಯಾವುದೋ ಕಾಲದಲ್ಲೇ ತೀರ್ಮಾನಿಸಿದೆ. ಗರ್ಭಗುಡಿಯನ್ನು ಸ್ಕ್ಯಾನ್ ಮಾಡಿ 360 ಡಿಗ್ರಿಯಲ್ಲಿ ತಿರುಗಿಸಿ ತೋರಿಸುತ್ತೇವೆನ್ನುವ ಕಂಪನಿಗೆ ಈ ಕನ್ನಡಿಯನ್ನು ತೋರಿಸಬೇಕು.

ಸೀತಿ ಬೆಟ್ಟದ್ದು ಇನ್ನೂ ಕಷ್ಟದ ವಿಷಯ. ಭಸ್ಮಾಸುರನಿಗೆ ಹೆದರಿ ಅಡಗಿದ ಶಿವನ ಜಾಡನ್ನು ರೈತನೊಬ್ಬ ಬೆರಳಿನಿಂದ ತೋರಿಸಿದ, ಶಿವ ಆ ಬೆರಳನ್ನು ಕೇಳಿದ, ಅವನ ಹೆಂಡತಿ ಬದಲಿಗೆ ತನ್ನ ಬೆರಳುಗಳನ್ನು ಕೊಟ್ಟಳು ಎಂಬುದು ಕಥೆ. ಅದನ್ನನುಸರಿಸಿ ಮೊರಸು ಒಕ್ಕಲಿಗರ ಒಂದು ಪಂಗಡದ ಹೆಂಗಸರು ಬೆರಳ ತುದಿ ಕತ್ತರಿಸಿಕೊಳ್ಳುತ್ತಿದ್ದುದನ್ನು ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದಲ್ಲೂ ರೈಸ್ ತನ್ನ ಗೆಜೆಟಿಯರಿನಲ್ಲೂ ದಾಖಲಿಸಿದ್ದಾರೆ. ವೇಮಗಲ್‌ನ ಇತಿಹಾಸ ಹೇಳುವಾಗ ಇದನ್ನು ನುಂಗಿಕೊಂಡರೆ ಸುಳ್ಳಾಗುತ್ತದೆ. ಅನಿಮೇಶನ್ ಮಾಡಿ ತೋರಿಸಿದರೆ ಹೇಸಿಗೆಯಾಗುತ್ತದೆ. ಆ ಹೆಂಗಸರ ಮೊಮ್ಮಕ್ಕಳ ಮೊಮ್ಮಕ್ಕಳು ಇಲ್ಲಿಯೇ ಬದುಕಿದ್ದಾರೆ. ನನ್ನ ಮಟ್ಟಿಗೆ ಇಲ್ಲಿ ಬೇಕಾದ್ದು ಚಿತ್ರವಿಲ್ಲದ ಒಂದು ಕೇಳುವ ಜಾಗ. ಕಥೆಯನ್ನು ಹೆಂಡತಿಯ ಕಡೆಯಿಂದ ಒಬ್ಬ ಹೆಂಗಸೇ ಹೇಳಲಿ, ದಾಖಲೆಯ ಮಾತು ಅದರ ಪಕ್ಕದಲ್ಲಿರಲಿ. ಹೇಳುವ ಮೊದಲು ಆ ಮನೆತನಗಳ ಹೆಂಗಸರ ಜತೆ ಕೂತು ಮಾತಾಡಿರಬೇಕು.

ಇನ್ನು ಕೆಜಿಎಫ್. ಈ ಜಿಲ್ಲೆಯ ಯಾವ ಸಂಗ್ರಹಾಲಯವೂ ಅದನ್ನು ಬಿಟ್ಟು ಹೋಗಲಾರದು. 2018 ಮತ್ತು 2022ರ ಸಿನಿಮಾಗಳಾದ ಮೇಲೆ ಹುಡುಗರೆಲ್ಲ ಅದನ್ನೇ ತಲೆಯಲ್ಲಿ ತುಂಬಿಕೊಂಡು ಬರುತ್ತಾರೆ. ಸಿನಿಮಾದ ದೂಳು, ಸಂಕೋಲೆ, ಸುತ್ತಿಗೆ ಕಟ್ಟುಕಥೆ. ನಿಜದ ಕಥೆ ಅದಕ್ಕಿಂತ ಬೆರಗಿನದು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟು ತಂದರು. ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರ್ ಆಳಕ್ಕಿಳಿಯಿತು. ಆ ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ದಾಟಿತ್ತು. ಅದೇ ಗಣಿಯಲ್ಲಿ, 2 ಕಿಲೋಮೀಟರಿಗೂ ಹೆಚ್ಚು ಕೆಳಗೆ, 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳ ಜತೆ ವಾಯುಮಂಡಲದ ನ್ಯೂಟ್ರಿನೊಗಳ ಗುರುತು ಹಿಡಿದರು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಇಷ್ಟನ್ನೂ ಒಂದೇ ಉದ್ದನೆಯ ಲಂಬ ಪರದೆಯಲ್ಲಿ, ಕೇಜು ಇಳಿದಂತೆ ಇಳಿಸುತ್ತಾ ಹೇಳಬಹುದು. ಒಂದೊಂದು ಆಳದಲ್ಲೂ ಒಂದು ದನಿ: ಟಿಂಬರು ಹೊತ್ತವನದು, ರಾಕ್‌ಬರ್ಸ್ಟ್ ಆಗಿ ಬಂಡೆ ಸಿಡಿದ ದಿನ ಮೇಲೆ ಲೈನ್ ಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಯದು, ಸಿಲಿಕೋಸಿಸ್ ಆದವನ ಕೆಮ್ಮು. ಈ ದನಿಗಳನ್ನು ಹಿಡಿದಿಟ್ಟುಕೊಳ್ಳಲು ಉಳಿದ ಕಾಲ ಕಡಿಮೆ. ಗಣಿ ಮುಚ್ಚಿದಾಗ ನಲವತ್ತರ ವಯಸ್ಸಿನವರಾಗಿದ್ದವರು ಈಗ ಅರವತ್ತು ದಾಟಿದ್ದಾರೆ. ಕಟ್ಟಡ, ಪರದೆ, ಟೆಂಡರು ಎಲ್ಲ ಆಮೇಲೆ ಆಗಲಿ. ರೆಕಾರ್ಡಿಂಗ್ ಈ ವರ್ಷವೇ ಆಗಬೇಕು.

ಇನ್ನೊಂದು ವಿಷಯಕ್ಕೆ ವಸ್ತುವೇ ಇಲ್ಲ: ಕೆರೆ. ಹತ್ತನೆಯ ಶತಮಾನದಲ್ಲಿ ಆವನಿಯ ತ್ರಿಭುವನಕರ್ತಾರ ದೇವರೆಂಬ ಯತಿ ಐವತ್ತು ಗುಡಿಗಳ ಜತೆಗೆ ಎರಡು ಕೆರೆಗಳನ್ನೂ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಆ ಪರಂಪರೆಯ ಕೊನೆಗೆ 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಇದೇ ಸೀಮೆಯ ಕೆರೆಗಳಿಗೆ ಹರಿಯಿತು. ನಡುವಿನ ಸಾವಿರ ವರ್ಷವನ್ನು ಒಂದು ಮೇಜಿನ ಮೇಲೆ ಆಡಿ ತೋರಿಸಬಹುದು. ಮೇಲಿನ ಕೆರೆಯ ತೂಬು ಎಷ್ಟು ಎತ್ತಿದರೆ ಕೆಳಗಿನ ಗದ್ದೆಗೆ ಎಷ್ಟು, ಕೋಡಿ ಬಿದ್ದರೆ ಮುಂದಿನ ಕೆರೆಗೆ ಎಷ್ಟು, ಸರಣಿಯ ನಡುವೆ ಒಂದು ಕೆರೆ ಲೇಔಟ್ ಆದರೆ ಕೆಳಗಿನವರಿಗೇನು ಎಂದು ನಾಲ್ಕು ಮಕ್ಕಳು ನಾಲ್ಕು ತೂಬು ಹಿಡಿದು ಜಗಳವಾಡಿ ಕಲಿಯಬೇಕು. ನಿಯಮ ಬರೆದುಕೊಡಬೇಕಾದವರು ಸಾಫ್ಟ್‌ವೇರಿನವರಲ್ಲ, ಹಳೆಯ ನೀರುಗಂಟಿಗಳು. ಯಾರ ಹೊಲಕ್ಕೆ ಮೊದಲು ನೀರು, ಯಾರ ಕೇರಿಗೆ ಕೊನೆಗೆ ಎಂಬುದೂ ಆಟದೊಳಗೆ ಬರಬೇಕು. ಇಲ್ಲದಿದ್ದರೆ ಅದು ಬರಿ ಜಲವಿಜ್ಞಾನ. ಹೀಗೆ ನೋಡುಗನನ್ನೂ ಒಳಗೊಳ್ಳುವ ಮಾದರಿ ಹತ್ತಿರದಲ್ಲೇ ಇದೆ: ತೇರಹಳ್ಳಿ ಬೆಟ್ಟದಲ್ಲಿ ಕೋಟಿಗಾನಹಳ್ಳಿ ರಾಮಯ್ಯನವರು ಕಟ್ಟಿದ 'ಆದಿಮ' ಸಾಂಸ್ಕೃತಿಕ ಕೇಂದ್ರ ಹುಣ್ಣಿಮೆ ರಾತ್ರಿಗಳಲ್ಲಿ ಹಾಡು, ನಾಟಕಗಳ ಮೂಲಕ ಈ ಸೀಮೆಯ ನೆನಪನ್ನು ಕೆಳಗಿನವರ ಕಡೆಯಿಂದ ಎತ್ತಿ ಹಿಡಿದಿದೆ. ಅಲ್ಲಿ ಪರದೆಯೇನೂ ಇರಲಿಲ್ಲ, ನೋಡುಗ ಮಾತ್ರ ಸುಮ್ಮನೆ ಕೂರುತ್ತಿರಲಿಲ್ಲ.

ಹೊರಗಿನ ಅನುಭವ ಹಣದ ವಿಷಯದಲ್ಲಿ ಎಚ್ಚರಿಕೆ ಹೇಳುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕಲಾ ಸಂಗ್ರಹಾಲಯ 2013ರಲ್ಲಿ ನಲವತ್ತು ಅಡಿ ಉದ್ದದ ಸ್ಪರ್ಶಗೋಡೆ ಕಟ್ಟಿ ಜಗತ್ತಿನ ಗಮನ ಸೆಳೆಯಿತು. 2017ಕ್ಕೆ ಆ ಗೋಡೆಯಿದ್ದ ಪ್ರದರ್ಶನಾಂಗಣವನ್ನು ಹೊಸದಾಗಿ ಮಾಡಬೇಕಾಯಿತು. ನ್ಯೂಯಾರ್ಕಿನ ಕೂಪರ್ ಹೆವಿಟ್ ಸಂಗ್ರಹಾಲಯ 2015ರಲ್ಲಿ ನೋಡುಗರಿಗೆಲ್ಲ ಒಂದು ಡಿಜಿಟಲ್ ಪೆನ್ನು ಕೊಟ್ಟಿತು. ಮೆಚ್ಚಿದ ವಸ್ತುವಿನ ಚೀಟಿಗೆ ಅದನ್ನು ತಾಗಿಸಿದರೆ ಮನೆಗೆ ಹೋಗಿ ಅಂತರ್ಜಾಲದಲ್ಲಿ ಮತ್ತೆ ನೋಡಬಹುದಿತ್ತು. ಪೆನ್ನು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಅದಕ್ಕಾಗಿ ಸಿದ್ಧಪಡಿಸಿದ ವಸ್ತುಗಳ ದಾಖಲೆ ಮಾತ್ರ ಇಂದಿಗೂ ಕೆಲಸಕ್ಕೆ ಬರುತ್ತಿದೆ. ಕೋಟಿಗಟ್ಟಲೆ ದುಡ್ಡಿರುವವರ ಯಂತ್ರಗಳೇ ನಾಲ್ಕೈದು ವರ್ಷ ಬಾಳುತ್ತವೆ ಎಂದ ಮೇಲೆ ಕೋಲಾರದ ದೂಳು, ಬೇಸಿಗೆಯ ಕರೆಂಟಿನಲ್ಲಿ ಅವುಗಳ ಆಯಸ್ಸು ಎಷ್ಟೆಂದು ಯಾರಾದರೂ ಹೇಳಬಹುದು.

ಆದ್ದರಿಂದ ವೇಮಗಲ್‌ಗೆ ಭಾರಿ ಕಟ್ಟಡಕ್ಕಿಂತ ಒಂದು ಬಸ್ಸು ಹೊಂದೀತು ಅನ್ನಿಸುತ್ತದೆ. ವಿಜ್ಞಾನದವರು ಹಳ್ಳಿಗಳಿಗೆ ಸಂಚಾರಿ ಪ್ರದರ್ಶನ ಒಯ್ಯುವ ಕ್ರಮ 1965ರಲ್ಲಿ ಕಲ್ಕತ್ತದಿಂದ ಶುರುವಾದದ್ದು, ಈಗಲೂ ನಡೆದಿದೆ. ಇತಿಹಾಸಕ್ಕೆ ಅಂಥ ಬಸ್ಸು ಏಕಿಲ್ಲ? ಬೆಳಕಿನ ಮೇಜು, ಕೆರೆಯಾಟ, ಕಿವಿಗೆ ನಾಲ್ಕು ಹೆಡ್‌ಫೋನು, ಮುಟ್ಟಲು ಮೂರು ಆಯಾಮದಲ್ಲಿ ಅಚ್ಚು ಮಾಡಿದ ವೀರಗಲ್ಲಿನ ಪ್ರತಿ. ಬಸ್ಸು ನಿಲ್ಲುವುದು ಕಲ್ಲಿನ ಪಕ್ಕದಲ್ಲೇ. ಭಾನುವಾರ ಕಾರ್ಖಾನೆಯ ಹುಡುಗ ಹುಡುಗಿಯರ ಹಾಸ್ಟೆಲಿನ ಮುಂದೆ. ಊರಿನವರು ತಮ್ಮ ಮನೆಯ ಹಳೆಯ ಫೋಟೊ, ಕ್ರಯಪತ್ರ, ಹಾಡು ತಂದರೆ ಅಲ್ಲೇ ಸ್ಕ್ಯಾನ್ ಮಾಡಿ, ಪ್ರತಿ ತೆಗೆದುಕೊಂಡು, ಮೂಲವನ್ನು ಅವರ ಕೈಗೇ ಕೊಡಬೇಕು.

ದುಡ್ಡಿನ ದಾರಿ ಮುಚ್ಚಿಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಬಳಸಬೇಕು. ಪರಂಪರೆಯ ರಕ್ಷಣೆ ಆ ಪಟ್ಟಿಯಲ್ಲಿದೆ. ಕಂಪನಿಗಳಿಗೆ ಉದ್ಘಾಟನೆಯ ಫೋಟೊ ಸಾಕಾದೀತು, ಊರಿಗೆ ಸಾಲದು. ಒಪ್ಪಂದ ಮಾಡಿಕೊಳ್ಳುವಾಗಲೇ ಪಂಚಾಯಿತಿ ಬರೆಸಿಕೊಳ್ಳಬೇಕಾದ ಷರತ್ತುಗಳಿವೆ: ಸ್ಕ್ಯಾನು, ಧ್ವನಿ, ಪಠ್ಯ ಎಲ್ಲವೂ ಯಾರು ಬೇಕಾದರೂ ತೆರೆಯಬಲ್ಲ ರೂಪದಲ್ಲಿ ಊರಿಗೆ ಸೇರಬೇಕು, ಒಂದು ಪ್ರತಿ ವೇಮಗಲ್‌ನ ಶಾಲೆಯಲ್ಲಿ, ಇನ್ನೊಂದು ಕೋಲಾರದ ಜಿಲ್ಲಾ ಗ್ರಂಥಾಲಯದಲ್ಲಿ ಇರಬೇಕು, ಪಾಸ್‌ವರ್ಡು ಬೆಂಗಳೂರಿನ ಏಜೆನ್ಸಿಯ ಬಳಿ ಮಾತ್ರ ಇರಕೂಡದು, ಯಂತ್ರಕ್ಕೆ ಇಟ್ಟಷ್ಟೇ ದುಡ್ಡನ್ನು ಅದನ್ನು ನಡೆಸುವ ಇಬ್ಬರ ಐದು ವರ್ಷದ ಸಂಬಳಕ್ಕೂ ಎತ್ತಿಡಬೇಕು, ಆ ಇಬ್ಬರೂ ಹೋಬಳಿಯವರೇ ಆಗಿರಬೇಕು.